ತಿಪ್ಪಿಯೊಳಗಿನ ಕಾವು

— ಅಲ್ಲ ಮಗಳ, ಕುದಿಯೋ ನೀರಾಗ ಬದುಕೋ ಬ್ಯಾಕ್ಟೀರಿಯಾದ ಮ್ಯಾಲ ಅಭ್ಯಾಸ ಮಾಡ್ತೀನಿ ಅಂತೀಯಲ್ಲ, ಇಂಡಿಯಿಂದ ಹಿಡಿದು ಮುದ್ದೇಬಿಹಾಳದ ತನಕಾ ಅಂಥ ಬುಗ್ಗಿ ಎಲ್ಲಿ ಅದ? ಇಲ್ಲಿ ತಣ್ಣೀರು ಸಿಕ್ರ ಸಾಕಾಗ್ಯದ. ಬ್ಯಾಸಿಗ್ಯಾಗ ಭೀಮಾ ಹೊಳಿ ಬರೇ ಉಸುಕು. ಸಿಂದಗಿ ಕಡೆ ಬೋರ್ ಕೊರಿಸಿದ್ರ ನೀರಿಗಿಂತ ಮೊದಲ ಕಲ್ಲಿನ ಧೂಳು ಹಾರ್ತದ.

— ನಮ್ಮ ಕಡೆ ಅಂಥ ಬುಗ್ಗಿ ಇಲ್ರಿ ಕಾಕಾ. ಕರ್ನಾಟಕದಾಗ ಹೆಸರಾದದ್ದು ಅಂದ್ರ ದಕ್ಷಿಣ ಕನ್ನಡದ ಪುತ್ತೂರು ತಾಲೂಕಿನ ಇರ್ದೆ ಊರಿನ ಬೆಂದ್ರುತೀರ್ಥ. ಸೀರೆ ಹೊಳಿ ದಂಡಿ ಮ್ಯಾಲ ಅದ. ಅಲ್ಲಿನೂ ನೀರು ಸುಮಾರು 40 ಡಿಗ್ರಿ, ಮೈತೊಳಕೊಳ್ಳೋ ನೀರಿನಷ್ಟು ಬೆಚ್ಚಗ. ಉಷ್ಣಪ್ರಿಯ ಅಂತ ಹೆಸರು ಬರಬೇಕಂದ್ರ ಆ ಜೀವಿ 45, 50 ಡಿಗ್ರಿ ದಾಟಿದ ಮ್ಯಾಲೇ ಹುಲುಸಾಗಿ ಬೆಳೀಬೇಕು. 80 ಡಿಗ್ರಿಯಾಚೆ ಹುಲುಸಾಗೋವನ್ನ ಅತಿ ಉಷ್ಣಪ್ರಿಯ ಅಂತ ಬ್ಯಾರೇನೇ ಇಟ್ಟಾರ.

— ಹಂಗಾದ್ರ ಪುತ್ತೂರಿಗೆ ಹೋದ್ರೂ ನಿನ್ನ ಕೆಲಸ ಆಗಂಗಿಲ್ಲ.

— ಅಂಚಿನ ಕೆಲಸ ಆಗ್ತದ. ಪೂರ್ತಿ ಕಾವು ಬೇಕಂದ್ರ ಕೊಂಕಣಕ್ಕ ಇಳೀಬೇಕು. ಸಂಗಮೇಶ್ವರ ತಾಲೂಕಿನ ತುರಳ, ಅದರ ಉತ್ತರಕ್ಕ ಉನ್ಹವರೆ, ಮುಂಬಯಿ ಹತ್ತಿರ ಗಣೇಶಪುರಿ, ವಜ್ರೇಶ್ವರಿ, ಹಿಂಗ ಕರಾವಳಿಗುಂಟ ಬುಗ್ಗಿಗಳ ಸಾಲೇ ಅದ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ದೇಶದಾಗ ಸುಮಾರು 340 ಬಿಸಿನೀರಿನ ಬುಗ್ಗಿ ಪಟ್ಟಿ ಮಾಡ್ಯಾರ. ಹಿಮಾಚಲದ ಮಣಿಕರಣದಾಗ ಯಾತ್ರಿಕರು ಅಕ್ಕಿನ ಬಟ್ಟ್ಯಾಗ ಕಟ್ಟಿ ಬುಗ್ಗಿಯೊಳಗೇ ಬೇಯಿಸ್ತಾರ, ಅಷ್ಟು ಕುದೀತಿರ್ತದ ನೀರು.

— ಕೊಂಕಣದ ಕಲ್ಲೂ ಕರಿಕಲ್ಲು, ನಮ್ಮ ಇಂಡಿ ಕಲ್ಲೂ ಕರಿಕಲ್ಲು. ಅಲ್ಲಿ ಬಿಸಿನೀರು ಬರ್ತದ, ನಮಗ್ಯಾಕ ಬರಂಗಿಲ್ಲ?

— ಕಲ್ಲು ಒಂದೇ ಖರೇ. ಸುಮಾರು 6.6 ಕೋಟಿ ವರ್ಷದ ಹಿಂದ ಹರಿದ ಲಾವಾ, ಪದರಿನ ಮ್ಯಾಲ ಪದರು ಆರಿ ಕುಂತದ. ಆದ್ರ ಬಿಸಿನೀರಿಗೆ ಕಲ್ಲಿಗಿಂತ ಬಿರುಕು ಮುಖ್ಯ. ಮಳಿನೀರು ಬಿರುಕಿನಗುಂಟ ಆಳಕ್ಕ ಇಳೀತದ. ಒಂದು ಕಿಲೋಮೀಟರ್ ಕೆಳಗ ಹೋದ್ರ ಸುಮಾರು 25ರಿಂದ 30 ಡಿಗ್ರಿ ಕಾವು ಏರ್ತದ. ಹಂಗ ಕಾಯ್ದ ನೀರು ಇನ್ನೊಂದು ಬಿರುಕಿನಗುಂಟ ತಣ್ಣಗಾಗೋದ್ರೊಳಗ ಮ್ಯಾಲ ಬಂದ್ರ ಅದೇ ಬುಗ್ಗಿ. ಕೊಂಕಣದಾಗ ಕಲ್ಲು ಆಳದ ತನಕಾ ಸೀಳ್ಯದ. ನಮ್ಮಲ್ಲಿ ಪದರುಗಳು ಹೆಚ್ಚುಕಡಿಮಿ ಸಪಾಟ ಮಲಗ್ಯಾವ, ನೀರಿಗೆ ಅಂಥ ದಾರಿ ಇಲ್ಲ.

— ಇರಲಿ. ಅನ್ನ ಬೇಯೋ ನೀರಾಗ ಜೀವ ಅದ ಅಂತ ಯಾರಿಗೆ ಹೊಳೀತು? ನಾವು ಹಾಲು ಕಾಸೋದೇ ಹುಳಾ ಸಾಯಲಿ ಅಂತ.

— ಎಲ್ಲಾರೂ ಹಂಗೇ ತಿಳಿದಿದ್ರು. 1964ರಾಗ ಥಾಮಸ್ ಬ್ರಾಕ್ ಅನ್ನೋ ಸೂಕ್ಷ್ಮಜೀವಿ ವಿಜ್ಞಾನಿ ಅಮೆರಿಕದ ಯೆಲ್ಲೋಸ್ಟೋನ್ ನೋಡಾಕ ಹೋದ. ಬುಗ್ಗಿಯಿಂದ ಹರಿದು ಬರೋ ನೀರಿನ ದಂಡಿಗುಂಟ ಹಳದಿ, ಕೇಸರಿ, ಹಸಿರು, ಗುಲಾಬಿ ಬಣ್ಣದ ಪಟ್ಟಿ ಕಂಡ್ವು. ದೂರಿಂದ ನೋಡಿದ್ರ ಖನಿಜದ ಬಣ್ಣ ಅನ್ನಿಸ್ತದ. ಅವು ಜೀವಿಗಳ ಹಾಸು. ಬೆಳಕು ಉಂಡು ಬದುಕೋ ಜೀವಿ ಸುಮಾರು 73 ಡಿಗ್ರಿಗೇ ನಿಂತುಬಿಡ್ತಾವ. ಆದ್ರ ಗುಲಾಬಿ ಎಳಿಗಳು 80 ದಾಟಿದ ನೀರಾಗೂ ತೇಲಾಡ್ತಿದ್ವು. ಹಂಗಾದ್ರ ಮಿತಿ ಎಲ್ಲಿ ಅದ ಅನ್ನೋ ಪ್ರಶ್ನಿ ಅವಂಗ ಬೆನ್ನತ್ತಿತು.

— ಅದನ್ನ ಹ್ಯಾಂಗ ನೋಡಿದ? ಕುದಿಯೋ ನೀರಾಗ ಕೈ ಇಡಾಕ ಬರಂಗಿಲ್ಲಲ್ಲ.

— ಅದು ಕೇಳಿದ್ರ ನಿಮಗ ಸಂತೋಷ ಆಗ್ತದ. ಸೂಕ್ಷ್ಮದರ್ಶಕದ ಕೆಳಗ ಇಡೋ ಗಾಜಿನ ಪಟ್ಟಿಗೆ ದಾರ ಕಟ್ಟಿ ಬುಗ್ಗಿಯೊಳಗ ಇಳಿಬಿಟ್ಟ. ಕೆಲವು ದಿನ ಬಿಟ್ಟು ಎತ್ತಿ ನೋಡಿದ್ರ ಗಾಜಿಗೆ ಬ್ಯಾಕ್ಟೀರಿಯಾ ಅಂಟಿ ಬೆಳೆದಿದ್ವು. ಒಂದು ಗಾಜು, ಒಂದು ದಾರ. ಅಷ್ಟರಾಗ ಜೀವದ ಮ್ಯಾಲಿನ ಮಿತಿ ಅಂತ ಪುಸ್ತಕದಾಗ ಬರೆದದ್ದನ್ನ ಮತ್ತ ಬರೀಬೇಕಾತು. 1967ರಾಗ ‘ಸೈನ್ಸ್’ ಪತ್ರಿಕ್ಯಾಗ ಲೇಖನ ಬಂತು.

— ಬರೇ ನೋಡಿದ್ದು. ಬೆಳಿಸಿದ್ನೇನು?

— ಬೆಳಿಸ್ಯಾರ. ಹಡ್ಸನ್ ಫ್ರೀಜ್ ಅಂತ ಒಬ್ಬ ಹುಡುಗ, ಇನ್ನೂ ಪದವಿ ಓದ್ತಿದ್ದ. 1966ರಾಗ ಮಶ್ರೂಮ್ ಸ್ಪ್ರಿಂಗ್ ಅನ್ನೋ ಬುಗ್ಗಿಯ ಮಾದರಿಯಿಂದ ಒಂದು ಬ್ಯಾಕ್ಟೀರಿಯಾ ಬೆಳಿಸಿದ. 1969ರಾಗ ಗುರು ಶಿಷ್ಯ ಕೂಡಿ ಅದಕ್ಕ ಥರ್ಮಸ್ ಅಕ್ವಾಟಿಕಸ್ ಅಂತ ಹೆಸರಿಟ್ರು. ನನಗ ಭಾಳ ಮೆಚ್ಚುಗಿ ಆಗೋದು ಯಾವುದು ಗೊತ್ತೇನ್ರಿ? ಅದಕ್ಕಿಂತ ಮೊದಲೂ ಬಿಸಿನೀರಿನ ಜೀವಿ ಹುಡುಕಿದವರು ಇದ್ರು. ಅವರು 55 ಡಿಗ್ರಿಯಾಗ ಇಡ್ತಿದ್ರು, ಹೊಟ್ಟಿತುಂಬ ಆಹಾರ ಹಾಕ್ತಿದ್ರು. ಪ್ರತಿ ಸಲಾನೂ ಅದೇ ಬೇಸಿಲಸ್ ಜಾತಿ ಎದ್ದು ಬರ್ತಿತ್ತು, ಇಷ್ಟೇ ಇರೋದು ಅಂತ ಕೈ ಬಿಡ್ತಿದ್ರು. ಇವರು ಬುಗ್ಗಿಯಷ್ಟೇ ಕಾವು ಕೊಟ್ರು, 70 ಡಿಗ್ರಿ ಮ್ಯಾಲ. ಬುಗ್ಗಿಯಷ್ಟೇ ತೆಳ್ಳಗ ಆಹಾರ ಕೊಟ್ರು. ಅದು ಇರೋ ಜಾಗಾ ಹ್ಯಾಂಗ ಅದ ಅಂತ ನೋಡಿ ಹಂಗೇ ನಡಕೊಂಡ್ರು, ಅದು ಬಂತು.

— ಹಸಿವಿನ ಭೂಮಿ ಬೀಜಕ್ಕ ಗೊಬ್ಬರ ಸುರಿದ್ರ ಸುಟ್ಟು ಹೋಗ್ತದ. ಗೊತ್ತಾತು. ಆದ್ರ ಬೇಯೋದಿಲ್ಲ ಯಾಕ ಅದು?

— ಕೋಳಿ ತತ್ತಿ ಕುದಿಸಿದ್ರ ಬಿಳಿ ಭಾಗ ಗಟ್ಟಿ ಆಗ್ತದಲ್ರಿ, ಅದು ಪ್ರೋಟೀನು. ಕಾವಿಗೆ ಅದರ ಮಡಿಕಿ ಬಿಚ್ಚಿ, ಎಳಿಗಳು ಒಂದಕ್ಕೊಂದು ಸಿಕ್ಕು ಹಾಕ್ಕೋತಾವ. ಆಮ್ಯಾಲ ಆರಿಸಿದ್ರೂ ಮೊದಲಿನಂಗ ಆಗಂಗಿಲ್ಲ. ನಮ್ಮ ಮೈಯೊಳಗ ಕೆಲಸ ಮಾಡೋ ಕಿಣ್ವಗಳೂ ಪ್ರೋಟೀನೇ, ಅದಕ್ಕೇ ಜ್ವರ 42ಕ್ಕ ಹೋದ್ರ ಜೀವಕ್ಕ ಗಂಡಾಂತರ. ಉಷ್ಣಪ್ರಿಯಗಳ ಪ್ರೋಟೀನಿನ ಮಡಿಕಿಯೊಳಗ ಧನ ಋಣ ಆವೇಶದ ಬಂಧ ಜಾಸ್ತಿ, ಸಡಿಲ ಜಾಗಾ ಕಡಿಮಿ. ಆಯಿ ಹೊಲಿಯೋ ಕೌದಿ ನೋಡೀರಲ್ಲ, ಹೊಲಿಗಿ ದೂರದೂರ ಬಿದ್ರ ಬಟ್ಟಿ ಜಾರ್ತದ, ಒತ್ತಾಗಿ ಬಿದ್ರ ಎಷ್ಟು ಎಳದಾಡಿದ್ರೂ ಅಲ್ಲೇ ಇರ್ತದ. ಇವುಗಳದ್ದು ಒತ್ತು ಹೊಲಿಗಿ. ಮೈ ಸುತ್ತಲಿನ ಕೊಬ್ಬಿನ ಪೊರೆನೂ ಕಾವಿಗೆ ಸೋರದಂಗ ಬ್ಯಾರೆ ಕೊಬ್ಬಿನಿಂದ ಕಟ್ಟಿರ್ತಾವ.

— ಹಂಗಾದ್ರ ತಣ್ಣೀರಾಗ ಇನ್ನೂ ಆರಾಮ ಇರಬೇಕಲ್ಲ.

— ಇಲ್ರಿ. ಥರ್ಮಸ್ ಅಕ್ವಾಟಿಕಸ್ 70 ಡಿಗ್ರಿಯಾಗ ಚಂದ ಬೆಳೀತದ, 79ರ ತನಕಾ ತಡೀತದ, ಆದ್ರ 40ರ ಕೆಳಗ ಬೆಳೆಯಂಗೇ ಇಲ್ಲ. ಅಷ್ಟು ಬಿಗಿಯಾದ ಕಿಣ್ವ ತಂಪಿನಾಗ ಅಲುಗಾಡಾಕೇ ಆಗಂಗಿಲ್ಲ. ಅದು ತಾಪ ತಾಳ್ಕೊಂಡು ಕುಂತಿಲ್ಲ. ಅದಕ್ಕ ತಾಪಾನೇ ಊರು.

— ಎಷ್ಟರ ಮಟಾ ಹೋಗ್ತದ ಈ ಕಾವು? ಕೂಡಗಿ ಥರ್ಮಲ್ ಪ್ಲ್ಯಾಂಟಿನೊಳಗೂ ಇರ್ತಾವೇನು?

— 2400 ಮೆಗಾವಾಟಿನ ಸ್ಥಾವರ ಅದು, ಅದರ ಬಾಯ್ಲರಿನ ಉಗಿ 500 ಡಿಗ್ರಿ ದಾಟಿರ್ತದ, ಅಲ್ಲಿ ಯಾವ ಜೀವಾನೂ ಇಲ್ಲ. ಇಲ್ಲೀತನಕಾ ಗೊತ್ತಾದ ಮಿತಿ 122 ಡಿಗ್ರಿ. ಹಿಂದೂ ಮಹಾಸಾಗರದ ತಳದಾಗ ಬಿಸಿನೀರು ಕಾರೋ ಬಾಯಿಗಳದಾವ, ಅಲ್ಲಿಂದ ತಂದ ಮೆಥನೋಪೈರಸ್ ಅನ್ನೋ ಜೀವಿನ ಜಪಾನಿನವರು ಭಾರೀ ಒತ್ತಡದಾಗ ಇಟ್ಟು 122ರಾಗ ಬೆಳಿಸಿದ್ರು, 2008ರಾಗ. ಅದು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ. ನೋಡಾಕ ಬ್ಯಾಕ್ಟೀರಿಯಾದಂಗ ಇದ್ರೂ ವಂಶ ಬ್ಯಾರೆ ಅಂತ 1977ರಾಗ ಕಾರ್ಲ್ ವೋಸ್ ಮತ್ತ ಜಾರ್ಜ್ ಫಾಕ್ಸ್ ತೋರಿಸಿಕೊಟ್ರು. ನಾನು ಮಾತಾಡ್ತಿರೋದು ಮಾತ್ರ ಬ್ಯಾಕ್ಟೀರಿಯಾದ ಬಗ್ಗೆ.

— ಸರಿ. ಈಗ ನಿಮ್ಮಪ್ಪ ಕೇಳೋ ಪ್ರಶ್ನಿ ನಾನೇ ಕೇಳ್ತೀನಿ. ಇದರಿಂದ ಆಗೋದೇನು? ಅಮೆರಿಕದಾಗಿನ ಬುಗ್ಗಿಯೊಳಗ ಏನೋ ಬೆಳೀತಂತ, ಬಾಗೇವಾಡಿ ಸಂತಿಗೆ ಬಂದವಂಗ ಅದರಿಂದ ಏನು ಸಿಕ್ತು?

— ಕಾಕಾ, 2020ರ ಮೇ ತಿಂಗಳು ನೆನಪು ಮಾಡ್ಕೊಳ್ರಿ.

— ಹ್ಯಾಂಗ ಮರೀತದ? ಮಹಾರಾಷ್ಟ್ರದಾಗ ದುಡ್ಯಾಕ ಹೋದವರು ಗಂಟುಮೂಟಿ ಹೊತ್ತು ಧೂಳಖೇಡ ಚೆಕ್‌ಪೋಸ್ಟಿನ್ಯಾಗ ಬಂದು ನಿಂತಿದ್ರು. ಸಾಲ್ಯಾಗ ಇಟ್ರು ಅವರನ್ನ. ಮೂಗಿನ್ಯಾಗ ಕಡ್ಡಿ ಹಾಕಿ ತಗೊಂಡು ಹೋದ ಮ್ಯಾಲ ರಿಪೋರ್ಟ್ ಬರೋ ತನಕಾ ಮನಿ ಮಂದಿ ಸಾಲಿ ಗೋಡಿ ಹೊರಗ ಬುತ್ತಿ ಹಿಡ್ಕೊಂಡು ನಿಲ್ತಿದ್ರು. ಮಕ್ಕಳ ಮಾರಿ ದೂರಿಂದ ನೋಡಿ ಅಳ್ತಿದ್ರು. ನೆಗೆಟಿವ್ ಅಂತ ಬಂದ್ರ ಊರಿಗೆ ಊರೇ ಉಸಿರು ಬಿಡ್ತಿತ್ತು.

— ಆ ಕಡ್ಡಿ ಹೋದಲ್ಲಿ ಕೆಲಸ ಮಾಡಿದ್ದು ಈ ಬುಗ್ಗಿ ಜೀವಿಯ ಕಿಣ್ವಾನೇರಿ.

— ಖರೇನೇನು?

— ಖರೇರಿ. ಆರ್‌ಟಿಪಿಸಿಆರ್ ಅಂದ್ರ ವೈರಸ್ಸಿನ ಗುರುತಿನ ಎಳಿನ ಮೊದಲ ಡಿಎನ್‌ಎ ಮಾಡೋದು, ಆಮ್ಯಾಲ ಅದನ್ನ ಕೋಟಿಗಟ್ಟಲೆ ಪ್ರತಿ ಮಾಡೋದು, ಈ ಪ್ರತಿ ಮಾಡೋದಕ್ಕೇ ಪಿಸಿಆರ್ ಅಂತಾರ. ಪ್ರತಿ ಮಾಡಬೇಕಂದ್ರ ಜೋಡಿ ಎಳಿ ಬಿಡಿಸಬೇಕು. ಅದಕ್ಕ ಸುಮಾರು 95 ಡಿಗ್ರಿ ಕಾವು ಬೇಕು. ಆಮ್ಯಾಲ ಆರಿಸಿ, ಹೊಸ ಎಳಿ ಕಟ್ಟೋ ಕಿಣ್ವಕ್ಕ ಕೆಲಸ ಕೊಡಬೇಕು. ಮತ್ತ 95ಕ್ಕ ಏರಿಸಬೇಕು. ಕ್ಯಾರಿ ಮುಲ್ಲಿಸ್ 1983ರಾಗ ಈ ಉಪಾಯ ಕಂಡಾಗ ಇದ್ದದ್ದು ನಮ್ಮ ಹೊಟ್ಟ್ಯಾಗಿರೋ ಇ ಕೊಲೈ ಬ್ಯಾಕ್ಟೀರಿಯಾದ ಕಿಣ್ವ. ಪ್ರತಿ ಸುತ್ತಿಗೂ 95ರ ಕಾವಿಗೆ ಅದು ಸಾಯ್ತಿತ್ತು, ಮತ್ತ ಹೊಸದು ಹಾಕಬೇಕಿತ್ತು. 1976ರಾಗೇ ಸಿನ್ಸಿನಾಟಿ ವಿಶ್ವವಿದ್ಯಾಲಯದವರು ಥರ್ಮಸ್ ಅಕ್ವಾಟಿಕಸ್‌ದಿಂದ ಕಾವಿಗೆ ಕೆಡದ ಕಿಣ್ವ ಬೇರ್ಪಡಿಸಿ ಇಟ್ಟಿದ್ರು. ಮುಲ್ಲಿಸ್ ಇದ್ದ ಸೀಟಸ್ ಕಂಪನಿಯವರು ಅದನ್ನ ಹಾಕಿ ನೋಡಿದ್ರು. ಒಮ್ಮೆ ಹಾಕಿದ್ರ ಸಾಕು, ಎಲ್ಲಾ ಸುತ್ತು ಮುಗಿಯೋ ತನಕಾ ದುಡೀತದ. 1988ರಾಗ ಅದರ ಲೇಖನ ಬಂತು, 1993ರಾಗ ಮುಲ್ಲಿಸ್‌ಗ ನೊಬೆಲ್ ಬಂತು. ಒಂದು ಎಳಿ 30 ಸುತ್ತು ದುಪ್ಪಟ್ಟಾದ್ರ 107 ಕೋಟಿ ದಾಟ್ತದ.

— ಆಗ ಎಲ್ಲಾರ ಬಾಯಾಗೂ ಸಿಟಿ ವ್ಯಾಲ್ಯೂ, ಸಿಟಿ ವ್ಯಾಲ್ಯೂ ಅಂತಿತ್ತು. 18 ಅದ, 30 ಅದ ಅಂತ.

— ಅದು ಎಷ್ಟನೇ ಸುತ್ತಿಗೆ ಗುರುತು ಕಂಡಿತು ಅನ್ನೋ ಲೆಕ್ಕ. ಲಗೂನ ಕಂಡ್ರ ವೈರಸ್ಸು ಜಾಸ್ತಿ. ನೋಡ್ರಿ, ಆ ಗಾಜಿನ ಪಟ್ಟಿ ಇಳಿಬಿಟ್ಟ ದಿನ ಬ್ರಾಕ್‌ಗ ಯಾವ ರೋಗದ ವಿಚಾರಾನೂ ತಲ್ಯಾಗ ಇರಲಿಲ್ಲ. ಏನು ಉಪಯೋಗ ಅಂತ ಅವತ್ತು ಯಾರಾದ್ರೂ ಪಟ್ಟು ಹಿಡಿದು ಕೇಳಿದ್ರ ಉತ್ತರ ಕೊಡಾಕ ಆಗ್ತಿರಲಿಲ್ಲ, ಕೊಟ್ಟಿದ್ರ ಅದು ಸುಳ್ಳಾಗ್ತಿತ್ತು. ಬರೇ ತಿಳಕೋಬೇಕು ಅನ್ನೋ ಹಂಬಲಕ್ಕ ಪಗಾರ ಕೊಟ್ಟು ಕೂಡಿಸಿದ ಒಂದು ವಿಶ್ವವಿದ್ಯಾಲಯ ಇತ್ತು. ನಮ್ಮ ಕಾಲೇಜುಗಳಾಗೂ ಅಂಥ ಹಂಬಲಕ್ಕ ಒಂದು ಮೇಜು ಬೇಕು ಅಂತ ನಾನು ಎಲ್ಲಿ ಬೇಕಾದ್ರೂ ನಿಂತು ಹೇಳ್ತೀನಿ.

— ರೊಕ್ಕ ಯಾರಿಗೆ ಹೋತು?

— 1991ರಾಗ ಪಿಸಿಆರ್ ಹಕ್ಕನ್ನ ಹಾಫ್‌ಮನ್ ಲಾ ರೋಶ್ ಕಂಪನಿ 30 ಕೋಟಿ ಡಾಲರ್ ಕೊಟ್ಟು ತಗೊಂಡ್ತು. ಬ್ರಾಕ್‌ಗೂ ಬರಲಿಲ್ಲ, ಆ ಬುಗ್ಗಿ ಕಾಯ್ಕೊಂಡು ಬಂದ ರಾಷ್ಟ್ರೀಯ ಉದ್ಯಾನಕ್ಕೂ ಬರಲಿಲ್ಲ. ಅವ ಜೀವಿನ ಸಾರ್ವಜನಿಕ ಸಂಗ್ರಹದಾಗ ಇಟ್ಟಿದ್ದ, ಯಾರು ಬೇಕಾದ್ರೂ ಸಣ್ಣ ಶುಲ್ಕ ಕಟ್ಟಿ ತಗೋಬಹುದಿತ್ತು. ಆಮ್ಯಾಲ ಯೆಲ್ಲೋಸ್ಟೋನಿನವರು ಎಚ್ಚೆತ್ತು 1997ರಾಗ ಡೈವರ್ಸಾ ಅನ್ನೋ ಕಂಪನಿ ಜೋಡಿ ಲಾಭ ಹಂಚಿಕೊಳ್ಳೋ ಕರಾರು ಮಾಡ್ಕೊಂಡ್ರು. ನಮ್ಮ ದೇಶದಾಗ 2002ರ ಜೀವವೈವಿಧ್ಯ ಕಾಯ್ದೆ ಅದ. ಗಿಡ, ಪ್ರಾಣಿ ಅಷ್ಟೇ ಅಲ್ಲ, ಸೂಕ್ಷ್ಮಜೀವಿನೂ ಅದರಾಗ ಬರ್ತಾವ. ಪ್ರತಿ ಪಂಚಾಯ್ತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲಾತಿ ಇಡಬೇಕು.

— ಪಂಚಾಯ್ತಿ ದಾಖಲಾತ್ಯಾಗ ಬೇವು, ಬನ್ನಿ, ಜವಾರಿ ಎತ್ತು ಬರೀತಾರ. ಕಣ್ಣಿಗೆ ಕಾಣದ್ದನ್ನ ಯಾರು ಬರೀತಾರವ್ವ? ಅದೂ ಬುಗ್ಗಿ ಇಲ್ಲದ ಊರಾಗ.

— ನಿಮ್ಮ ತಿಪ್ಪಿ ಅದಲ್ರಿ.

— ತಿಪ್ಪಿ?

— ನಿಮ್ಮ ಹೊಲದಾಗಿನ ತಿಪ್ಪಿ. ಅದು ಒಳಗ ಎಷ್ಟು ಕಾಯ್ತದ?

— ಛಲೋ ಹೆಂಡಿ, ಉಚ್ಚಿ ನೆನೆದ ಕಸ, ಕಬ್ಬಿನ ರವದಿ ಹದಕ್ಕ ಬಿದ್ದಿದ್ರ ಎರಡು ಮೂರು ದಿನಕ್ಕ ಕಾವು ಹಿಡೀತದ. ನಾನು ಕಬ್ಬಿಣದ ಸಲಾಕಿ ಒಳಗ ತೂರಿಸಿ ತುಸು ಹೊತ್ತು ಬಿಟ್ಟು ತಗೀತೀನಿ. ಮುಷ್ಟಿ ಹಿಡಿಯಾಕ ಆಗಲಿಲ್ಲಂದ್ರ ತಿಪ್ಪಿ ಅಡುಗಿ ನಡಸ್ಯದ ಅಂತ ಲೆಕ್ಕ. ಚಳಿಗಾಲದ ನಸಕಿನ್ಯಾಗ ಮಗುಚಿ ಹಾಕಿದ್ರ ಉಗಿ ಏಳ್ತದ. ಕಾವು ಬರದ ತಿಪ್ಪಿ ಹೊಲಕ್ಕ ಹಾಕಿದ್ರ ಕಸದ ಬೀಜ ಎಲ್ಲಾ ಹುಟ್ಟಿ ಕುಂದರ್ತದ.

— ಮುಷ್ಟಿ ಹಿಡಿಯಾಕ ಆಗದ ಆ ಸಲಾಕಿ 55, 60 ಡಿಗ್ರಿ ಇರ್ತದ್ರಿ. ಛಲೋ ರಾಶಿ 70ರ ಹತ್ತಿರ ಹೋಗ್ತದ. ಆ ಕಾವು ಬಿಸಿಲಿನದ್ದಲ್ಲ, ಒಳಗ ತಿನ್ನೋರದ್ದು. ಮೊದಲ ಸಾದಾ ಬ್ಯಾಕ್ಟೀರಿಯಾ ಮೆತ್ತಗಿದ್ದದ್ದನ್ನ ತಿಂತಾವ. ತಿಂದಾಗ ಹೊರಬಿದ್ದ ಕಾವು ರಾಶಿಯಿಂದ ಹೊರಗ ಹೋಗಾಕ ದಾರಿ ಸಿಗಂಗಿಲ್ಲ. 45 ದಾಟಿತು ಅಂದ್ರ ಅವು ತಾವು ಹಚ್ಚಿದ ಕಾವಿಗೆ ತಾವೇ ಸೋಲ್ತಾವ. ಆಗ ಉಷ್ಣಪ್ರಿಯಗಳು ಏಳ್ತಾವ, ದಂಟು, ರವದಿಯಂಥ ಬಿರುಸಾದದ್ದನ್ನ ಮುರೀತಾವ. 55 ಡಿಗ್ರಿ ಮೂರು ದಿನ ನಿಂತ್ರ ಕಸದ ಬೀಜ, ರೋಗದ ಹುಳಾ ಬಹುತೇಕ ಸಾಯ್ತಾವ. ನೀವು ಮಗುಚಿದಾಗ ಗಾಳಿ ಹೋಗಿ ಮತ್ತ ಕಾವು ಏರ್ತದ.

— ಬುಗ್ಗಿ ಜೀವಿನೂ ತಿಪ್ಪಿ ಜೀವಿನೂ ಒಂದೇನೇನು?

— ಕೆಲವು ಒಂದೇ ಕುಲದವು. 1996ರಾಗ ಸ್ವಿಟ್ಜರ್ಲೆಂಡಿನವರು ಕಾಂಪೋಸ್ಟ್ ರಾಶ್ಯಾಗ ಥರ್ಮಸ್ ಕುಲದ ಬ್ಯಾಕ್ಟೀರಿಯಾ ಕಂಡ್ರು, ಅದೂ 65 ಡಿಗ್ರಿ ಮ್ಯಾಲ ಕಾಯ್ದ ರಾಶ್ಯಾಗ. ಬ್ರಾಕ್ ತಾನೇ 1973ರಾಗ ಮನಿಗಳ ನೀರು ಕಾಯಿಸೋ ಟ್ಯಾಂಕಿನಾಗೂ ಅಂಥವು ಅದಾವ ಅಂತ ತೋರಿಸ್ಯಾನ. ನಮ್ಮ ಮಾಳಿಗಿ ಮ್ಯಾಲಿನ ಸೋಲಾರ್ ಟ್ಯಾಂಕೂ ನನಗ ಒಂದು ಬುಗ್ಗಿನೇ. ಇನ್ನು ಜಿಯೋಬೇಸಿಲಸ್ ಅಂತ ಒಂದು ಕುಲ ಅದ. 55, 60 ಡಿಗ್ರಿ ಕಾವು ಬೇಕು ಅದಕ್ಕ, ಆದ್ರ ಹಿಮ ಬೀಳೋ ದೇಶದ ಮಣ್ಣಾಗೂ ಸಿಗ್ತದ! ಕಾವು ಹೋದ ಕೂಡಲೇ ಬೀಜಕದ ರೂಪಕ್ಕ ಹೋಗಿ ಮಲಗ್ತದ. ರಾಶಿ ಒಣಗಿ ಧೂಳಾದಾಗ ಗಾಳಿಗೆ ಹಾರಿ ದೇಶದೇಶ ಸುತ್ತತದ. ಸಿಂದಗಿ ಯರಿ ಹೊಲದ ಒಂದು ಚಿಟಿಕಿ ಮಣ್ಣನ್ನ ಪೋಷಕ ದ್ರಾವಣಕ್ಕ ಹಾಕಿ 60 ಡಿಗ್ರಿಯಾಗ ಇಟ್ರ ಮರುದಿನಕ್ಕೇ ಮಸುಕು ಮಸುಕಾಗಿ ಬೆಳೆದಿರ್ತದ.

— ಆ ಬೀಜಕ ಅಷ್ಟು ಗಟ್ಟಿನಾ?

— ಎಷ್ಟು ಗಟ್ಟಿ ಅಂದ್ರ, ಮುದ್ದೇಬಿಹಾಳದ ದವಾಖಾನಿ ಆಗಲಿ ಬೆಂಗಳೂರಿನದ್ದಾಗಲಿ, ಆಪರೇಷನ್ ಕತ್ರಿ ಚಿಮಟಿ ಕುದಿಸೋ ಆಟೋಕ್ಲೇವ್ ಬರೋಬರಿ ಕೆಲಸ ಮಾಡ್ತದೋ ಇಲ್ಲೋ ಅಂತ ಇದರಿಂದಲೇ ಪರೀಕ್ಷಾ ಮಾಡ್ತಾರ. ಜಿಯೋಬೇಸಿಲಸ್ ಸ್ಟಿಯರೋಥರ್ಮೋಫಿಲಸ್ ಬೀಜಕ ಹಚ್ಚಿದ ಪಟ್ಟಿನ 121 ಡಿಗ್ರಿ ಉಗಿಯೊಳಗ ಇಡ್ತಾರ. ಅದು ಸತ್ತಿದ್ರ ಉಳಿದದ್ದೆಲ್ಲಾ ಸತ್ತದ ಅಂತ ಧೈರ್ಯ. 1920ರಾಗ ಡಬ್ಬಿಯೊಳಗ ಕೆಟ್ಟ ಗೋವಿನಜೋಳದಾಗ ಮೊದಲ ಸಿಕ್ಕಿದ್ದು ಅದು.

— ಒಂದು ಮಾತು ಹೇಳು. ಬಣವಿಗೆ ಬೆಂಕಿ ತಾನೇ ಹತ್ತತದ ಅಂತಾರಲ್ಲ, ಅದೂ ಇವುಗಳ ಕೆಲಸಾನಾ? ನಮ್ಮ ಮುತ್ಯಾ ಹಸಿ ಕಣಕಿ ಒಟ್ಟಾಕ ಬಿಡ್ತಿರಲಿಲ್ಲ. ಸಿವುಡಿನ ಬುಡ ಮುರಿದು, ಮೂಗಿಗೆ ಹಿಡಿದು ನೋಡಿ ಆಮ್ಯಾಲ ಬಣವಿಗೆ ಹತ್ತಿಸ್ತಿದ್ದ. ಬೆಂಕಿ ಬಿದ್ರ ಮಂದಿ ವೈರಿ ಹಚ್ಚಿದ ಅಂತಾರ, ಬೀಡಿ ಸೇದಿದವನ ಹೆಸರು ಹೇಳ್ತಾರ, ಜಗಳ ಠಾಣಾಕ್ಕ ಹೋಗ್ತದ.

— ಮುತ್ಯಾ ಸರಿ ಮಾಡ್ತಿದ್ದ. ಹಸಿ ಮೇವಿನಾಗ ಬ್ಯಾಕ್ಟೀರಿಯಾ, ಬೂಷ್ಟು ಕೂಡಿ 70 ಡಿಗ್ರಿ ತನಕಾ ಕಾವು ಒಯ್ತಾವ. ಅಲ್ಲಿಗೆ ಅವುಗಳ ಪಾಳಿ ಮುಗೀತದ. ಅಲ್ಲಿಂದ ಮುಂದ ಮೇವು ತಾನೇ ಗಾಳಿ ಜೋಡಿ ರಾಸಾಯನಿಕವಾಗಿ ಉರಿಯಾಕ ಶುರು ಮಾಡ್ತದ, ಒಳಗೊಳಗ ಕರ್ರಗಾಗಿ ಒಂದು ದಿನ ಹೊರಗ ಗಾಳಿ ಸಿಕ್ಕಾಗ ಧಗ್ ಅಂತದ. ಎಲ್ಲಾ ಬೆಂಕಿನೂ ಹಿಂಗೇ ಅಂತ ಹೇಳಾಕ ಬರಂಗಿಲ್ಲ. ಹಸಿಯಾಗಿ ಒಟ್ಟಿದ ಬಣವಿ ಆದ್ರ, ವೈರಿ ಹೆಸರು ಹೇಳೋಕಿಂತ ಮೊದಲ ಇದನ್ನ ವಿಚಾರ ಮಾಡಬೇಕು.

— ಹಗೇವಿನಾಗೂ ಜೋಳ ಕಾವು ಹಿಡೀತದ. ಬಾಯಿ ತಗದ ಕೂಡಲೇ ಇಳೀಬಾರದು ಅಂತ ದೀಪ ಇಳಿಬಿಟ್ಟು ನೋಡ್ತಿದ್ವಿ.

— ಒಳಗ ತೇವ ಹೊಕ್ರ ಅಲ್ಲೂ ಕಾಳು, ಬೂಷ್ಟು ಎಲ್ಲಾ ಉಸಿರಾಡಿ ಆಮ್ಲಜನಕ ಮುಗಿಸಿರ್ತಾವ, ಅದಕ್ಕೇ ಇಳಿದವರ ಜೀವ ಹೋಗ್ತಿತ್ತು. ಅದು ಬ್ಯಾರೆ ಕತಿ. ನನಗ ಅದಕ್ಕಿಂತ ಜಾಸ್ತಿ ಹೇಳಬೇಕಾದದ್ದು ಸಕ್ಕರಿ ಕಾರ್ಖಾನಿ ಸಿಪ್ಪಿ ವಿಚಾರ. ಇಂಡಿ ಸುತ್ತ ಕಬ್ಬು ಎಷ್ಟು ಹೆಚ್ಚಾಗ್ಯದ ನೋಡ್ರಿ. ಅರದ ಸಿಪ್ಪಿನ ಗುಡ್ಡದಂಗ ಒಟ್ಟಿರ್ತಾರ, ಒಳಗ ತೇವ ಇರ್ತದ, ಕಾವು ಏರ್ತದ. ಥರ್ಮೋಆಕ್ಟಿನೋಮೈಸಿಸ್ ಸಕ್ಕಾರಿ ಅಂತ ಮೊದಲ ಕರೀತಿದ್ದ ಒಂದು ಉಷ್ಣಪ್ರಿಯ ಅಲ್ಲಿ ಬೆಳೀತದ, ಅದರ ಹೆಸರಿನಾಗೇ ಸಕ್ಕರಿ ಅದ. ಅದು ಬೀಜಕ ಕಟ್ಟಿ ಸಿಪ್ಪಿ ಒಣಗಿದ ಮ್ಯಾಲ ಧೂಳಿನ ಜೋಡಿ ಏಳ್ತದ. ಉಸಿರಾಟದಾಗ ಹೋದ್ರ ಕೆಲವರ ಪುಪ್ಪುಸ ತಡ್ಕೊಳ್ಳಂಗಿಲ್ಲ. ಕೆಲಸ ಮಾಡಿ ಮನಿಗೆ ಬಂದು ನಾಲ್ಕಾರು ತಾಸಿಗೆ ಚಳಿಜ್ವರ, ಕೆಮ್ಮು, ದಮ್ಮು.

— ನಮ್ಮ ಹುಡುಗ್ರಿಗೆ ಹಂಗ ಆಗ್ತದ. ಥಂಡಿ ಹತ್ತ್ಯದ ಅಂತ ಗುಳಗಿ ನುಂಗಿ ಮರುದಿನ ಮತ್ತ ಹೋಗ್ತಾರ.

— ಮತ್ತ ಮತ್ತ ಹೋದ್ರ ಪುಪ್ಪುಸದಾಗ ಗಾಯದ ಕಲಿ ಉಳೀತದ, ಅದು ಮತ್ತ ಮಾಯಂಗಿಲ್ಲ. ಬೂಷ್ಟು ಹಿಡಿದ ಕಣಕಿ, ಹಳೇ ಸಿಪ್ಪಿ ಕೆದರೋ ಮುಂದ ಬರೇ ಟವೆಲ್ ಸಾಲಂಗಿಲ್ಲ, ಕೊರೊನಾದಾಗ ಡಾಕ್ಟರ್ ಮಂದಿ ಹಾಕ್ಕೊಂಡಿದ್ರಲ್ಲ ಎನ್-95, ಅದು ಬೇಕು. ಡಾಕ್ಟರ್ ಹತ್ರ ಹೋದಾಗ ಸಿಪ್ಪಿ ಕೆಲಸಕ್ಕ ಹೋಗಿದ್ದೆ ಅಂತ ಹೇಳಬೇಕು. ಹೇಳದಿದ್ರ ಅವರಿಗೆ ಹ್ಯಾಂಗ ಗೊತ್ತಾಗಬೇಕು? ಇದನ್ನ ನೀವು ನಿಮ್ಮ ಕಟಾವು ಗ್ಯಾಂಗಿನವರಿಗೆ ಹೇಳ್ರಿ. ನನ್ನ ಮಾತಿಗಿಂತ ನಿಮ್ಮ ಮಾತು ನಡೀತದ.

— ಹೇಳ್ತೀನಿ. ಈಗ ನಿನ್ನ ಕೆಲಸ ಹೇಳು. ತಿಪ್ಪಿ ಅದ, ನೀ ಅದಿ. ಮುಂದ?

— ಸಣ್ಣದಾಗಿ ಶುರು ಮಾಡ್ತೀನ್ರಿ. ಉದ್ದ ಕಡ್ಡಿಯ ಥರ್ಮಾಮೀಟರ್ ಬೇಕು. ಯಾವ ಆಳದಾಗ ಎಷ್ಟು ಕಾವು ಬರ್ಕೋಬೇಕು. ಹುಳಿ ಕ್ಷಾರದ ಮಟ್ಟ ನೋಡಾಕ ಪಿಎಚ್ ಕಾಗದ. ಅಲ್ಲಿಂದ ತಗದ ಮಾದರಿನ ಥರ್ಮಾಸ್ ಫ್ಲಾಸ್ಕಿನಾಗ ಹಾಕ್ಕೊಂಡು ಬಿಸಿ ಇರೋ ಹಂಗೇ ಒಯ್ಯಬೇಕು. ತಣ್ಣಗಾದ್ರ ಒಳಗಿನ ಮಂದಿ ಬದಲಾಗ್ತಾರ. ಕಾಲೇಜಿನಾಗ ಇನ್‌ಕ್ಯುಬೇಟರ್ 60 ಡಿಗ್ರಿಗೆ ಇಡಬೇಕು. ಅಲ್ಲಿ ಒಂದು ತಾಪತ್ರಯ ಅದ. ಅಗರ್ ಹಾಕಿ ಮಾಡಿದ ತಟ್ಟಿ ಆ ಕಾವಿಗೆ ಒಂದೇ ರಾತ್ರಿಗೆ ಒಣಗಿ ಹಪ್ಪಳ ಆಗ್ತದ, ಅದಕ್ಕ ಹಸಿ ಅರಿವಿ ಜೋಡಿ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಇಡಬೇಕು. 70ರ ಮ್ಯಾಲ ಹೋಗಬೇಕಂದ್ರ ಅಗರ್ ಬಿಟ್ಟು ಜೆಲ್ಲನ್ ಅನ್ನೋ ಬ್ಯಾರೆ ಅಂಟು ತರಬೇಕು. ಆಹಾರ ತೆಳ್ಳಗ ಒಂದು, ದಪ್ಪಗ ಒಂದು, ಎರಡೂ ಮಾಡ್ತೀನಿ, ಬ್ರಾಕ್‌ನ ಪಾಠ ಮರೆಯಂಗಿಲ್ಲ.

— ತಟ್ಟ್ಯಾಗ ಬೆಳೆದದ್ದಷ್ಟೇ ತಿಪ್ಪ್ಯಾಗ ಇರೋದಾ?

— ಅಲ್ರಿ. ಬೆಳೆಯೋದು ಸ್ವಲ್ಪ, ಬೆಳೆಯದಿರೋದೇ ಭಾಳ. ಉಳಿದದ್ದನ್ನ ಡಿಎನ್‌ಎ ಓದಿ ಗುರುತು ಹಿಡೀಬೇಕು. ಅದಕ್ಕೂ ಮೊದಲ ಪಿಸಿಆರ್ ಮಾಡಬೇಕು. ಯೆಲ್ಲೋಸ್ಟೋನಿನ ಜೀವಿಯ ಕಿಣ್ವ ಹಾಕಿ ಇಂಡಿ ತಿಪ್ಪಿ ಜೀವಿಯ ಹೆಸರು ಓದೋದು! ಹೊಸದು ಅನ್ನಿಸಿದ್ರ ಪುಣೆ ಅಥವಾ ಚಂಡೀಗಢದ ರಾಷ್ಟ್ರೀಯ ಸಂಗ್ರಹಕ್ಕ ಕೊಡಬೇಕು. ಮಣಿಕರಣದ ಬುಗ್ಗಿಯಿಂದ ದಿಲ್ಲಿ ವಿಶ್ವವಿದ್ಯಾಲಯದವರು ಒಂದು ಥರ್ಮಸ್ ತಂದು, ಅಲ್ಲಿನ ಪಾರ್ವತಿ ಕಣಿವೆಯ ಹೆಸರಿನಾಗ ಥರ್ಮಸ್ ಪಾರ್ವತಿಯೆನ್ಸಿಸ್ ಅಂತ 2015ರಾಗ ಪ್ರಕಟ ಮಾಡಿದ್ರು.

— ಎಲ್ಲಾ ಖರೇ ಮಗಳ. ಆದ್ರ ತಿಪ್ಪಿ ಜಗತ್ತಿನ್ಯಾಗ ಎಲ್ಲಾ ಕಡೆ ಅದ, ನೋಡಿದವರೂ ಭಾಳ ಇದ್ದಾರು. ನಮ್ಮದ್ರಾಗ ನೋಡುವಂಥಾದ್ದು ಏನದ?

— ಅದನ್ನೇ ನಾನೂ ಹುಡುಕಾಕತ್ತೀನಿ. ಕೃಷ್ಣಾ ದಂಡಿಯ ರವದಿ ತಿಪ್ಪಿ, ಸಿಂದಗಿ ಕಡೆ ತೊಗರಿ ಹೊಟ್ಟಿನ ತಿಪ್ಪಿ, ಬಾಗೇವಾಡಿ ಕಡೆ ದನದ ತಿಪ್ಪಿ. ಆದ್ರ ಬರೇ ಹೋಲಿಸಿ ಬರದ್ರ ಪ್ರಶ್ನಿ ಆಗಂಗಿಲ್ಲ.

— ನಾನೊಂದು ಮಾತು ಹೇಳಲೇನು? ನಮ್ಮ ಲಿಂಬಿ ತೋಟದ ಮೂಲ್ಯಾಗ ಒಂದು ತಿಪ್ಪಿ ಅದ. ಸಂತ್ಯಾಗ ರೇಟ್ ಬಿದ್ದಾಗ ಹಣ್ಣು ಆರಿಸೋ ಕೂಲಿನೂ ಹೊರಡಂಗಿಲ್ಲ, ಉದುರಿದ ಲಿಂಬಿ ಎಲ್ಲಾ ಅಲ್ಲೇ ಸುರೀತೀವಿ. ಆ ತಿಪ್ಪಿ ಕಾವು ಹಿಡಿಯೋದು ತಡ. ಸಲಾಕಿ ಹಾಕಿ ನೋಡಿದ್ರ ವಾರಗಟ್ಟಲೆ ತಣ್ಣಗ. ಆಮ್ಯಾಲ ಒಮ್ಮೆಲೇ ಏರ್ತದ, ಏರಿದ್ರ ಬ್ಯಾರೆ ತಿಪ್ಪಿಗಿಂತ ಕಡಿಮಿ ಏನಿಲ್ಲ. ಯಾಕ ಹಂಗ?

— ಕಾಕಾ, ಇದನ್ನ ಮೊದಲ ಹೇಳಬಾರದಿತ್ತೇನ್ರಿ! ಹುಳಿ ಜಾಸ್ತಿ ಇದ್ರ ರಾಶಿ ಕಾವಿಗೆ ಏರೋದು ತಡ ಆಗ್ತದ ಅಂತ ಹಣ್ಣು ತರಕಾರಿ ಕಸದ ಕಾಂಪೋಸ್ಟಿನಾಗ ನೋಡ್ಯಾರ. ಯಾರೋ ಆ ಹುಳಿನ ಮೊದಲ ತಿಂದು ಮುಗಿಸ್ತಾರ, ಪಿಎಚ್ ಏರ್ತದ, ಆಮ್ಯಾಲ ಉಷ್ಣಪ್ರಿಯಗಳಿಗೆ ಬಾಗಿಲು ತೆರೀತದ. ಆದ್ರ ಲಿಂಬಿಯಷ್ಟು ಹುಳಿ ಇರೋ ರಾಶ್ಯಾಗ, ಅದೂ ನಮ್ಮ ಬಿಸಿಲಿನ್ಯಾಗ, ಆ ಮೊದಲಿನವರು ಯಾರು? ಹುಳಿ ತಾಳೋದೂ ಕಾವು ತಾಳೋದೂ ಎರಡೂ ಬಲ್ಲಂಥವು ಅಲ್ಲಿ ಅದಾವೇನು? ಲಿಂಬಿ ಸಿಪ್ಪಿ ಎಣ್ಣಿಗೆ ಬ್ಯಾಕ್ಟೀರಿಯಾ ಕೊಲ್ಲೋ ಗುಣ ಬ್ಯಾರೆ ಅದ. ಅದನ್ನೂ ದಾಟಿ ಬಂದದ್ದು ಸಾದಾ ಜೀವಿ ಆಗಿರಂಗಿಲ್ಲ. ಈ ಪ್ರಶ್ನಿ ಇಂಡ್ಯಾಗ ಕುಂತೇ ಕೇಳಬೇಕು.

— ಹಂಗಾದ್ರ ಈ ಸಲ ಲಿಂಬಿ ಎಲ್ಲಿ ಹಾಕಲಿ ಹೇಳು.

— ಎರಡು ತಿಪ್ಪಿ ಮಾಡೋಣ್ರಿ, ಒಂದೇ ಅಳತಿ, ಒಂದೇ ಹೆಂಡಿ, ಒಂದೇ ರವದಿ, ಒಂದೇ ಬೇವಿನ ಗಿಡದ ನೆರಳು. ಒಂದಕ್ಕ ಲಿಂಬಿ ಹಾಕ್ರಿ, ಇನ್ನೊಂದಕ್ಕ ಹಾಕಬ್ಯಾಡ್ರಿ. ನೀರು ಎರಡಕ್ಕೂ ಸಮ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ, ಒಂದೇ ಆಳಕ್ಕ ಥರ್ಮಾಮೀಟರ್ ಇಟ್ಟು ವಹಿಯಾಗ ಬರೀಬೇಕು.

— ಸಲಾಕಿದೂ ಬರೀತೀನಿ. ಮುಷ್ಟಿ ಹಿಡಿಯಾಕ ಬಂತು, ಬರಲಿಲ್ಲ ಅಂತ.

— ಬರೀರಿ. ಅದಕ್ಕ ಬ್ಯಾರೆ ಕಾಲಮ್ ಹಾಕ್ತೀನಿ.

— ಲಿಂಬಿ ಎಷ್ಟು ಬುಟ್ಟಿ?

— ಉಳಿದ ಕಸದ ತೂಕ ಮೊದಲ ನೋಡೋಣ. ಐದಕ್ಕ ಒಂದು ಪಾಲಿನಂಗ ಶುರು ಮಾಡೋಣ. ತಕ್ಕಡಿ ಅದ ಅಲ್ರಿ ಮನ್ಯಾಗ?

— ಲಿಂಬಿ ತೂಗೋದೇ ಅದ. ನಾಡದು ಗಾಡಿ ಹೂಡ್ತೀನಿ.